ಕಿಟಕಿ ಪಕ್ಕದ ಮಂಚ

ಜೂನ್ ೧೨, ಗುರುವಾರ

ಈ ಮನೆಯಲ್ಲಿ ಫೋಟೋಕ್ಕೆ ಒಗ್ಗುವ ಬೆಳಕು ಬರುವುದು ಒಂದೇ ಕಿಟಕಿಯಿಂದ. ಆ ಕಿಟಕಿಯ ಪಕ್ಕದಲ್ಲಿ ಅತ್ತೆಯ ಮಂಚ. ಮಂಚದ ಮೇಲೆ ಅತ್ತೆ. ಇಷ್ಟು ಬರೆದರೆ ನನ್ನ ಕಷ್ಟವನ್ನೆಲ್ಲ ಬರೆದಂತಾಯಿತು.

ಉಡುಪಿನಂಗಡಿಯ ಒಡತಿಗೆ ಮೊನ್ನೆ ಕಳಿಸಿದ ಫೋಟೋಗಳಿಗೆ ಇವತ್ತು ಉತ್ತರ ಬಂತು. ಇವು ಗುಂಡಿಗಳೋ ಬಿಸ್ಕತ್ತುಗಳೋ ಎಂದು ಕೇಳಿದ್ದಾಳೆ. ಬಟ್ಟೆ ಹೊದಿಸಿ, ಮೇಲೆ ದಾರದಲ್ಲಿ ಹೂವು ಬಳ್ಳಿ ಕಸೂತಿ ಹಾಕಿದ ಕೋಟಿನ ಗುಂಡಿಗಳು. ಹೆಬ್ಬೆರಳಿನ ಉಗುರಿನಷ್ಟು ಅಗಲ. ಒಂದನ್ನು ಮಾಡಿ ಮುಗಿಸುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ನಮ್ಮ ಯಜಮಾನರು ಬದುಕಿದ್ದಾಗ ಫೋಟೋದ ಮಾತೇ ಇರಲಿಲ್ಲ. ಕೋಟು ಹೊಲಿಸಲು ಬಂದವರು ಗುಂಡಿಯನ್ನು ಬೆರಳಲ್ಲಿ ಸವರಿ ಯಾರು ಮಾಡಿದ್ದು ಎಂದು ಕೇಳುತ್ತಿದ್ದರು. ಇವರು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಮನೆಯವಳು ಎನ್ನುತ್ತಿದ್ದರು. ಈಗ ದರ್ಜಿಯೂ ಇಲ್ಲ, ಅಂಗಡಿಯೂ ಇಲ್ಲ. ಗುಂಡಿಯ ಡಬ್ಬಿಗಳು ಮನೆಗೆ ಬಂದಿವೆ. ಕೊಳ್ಳುವವರು ಫೋನಿನೊಳಗಿದ್ದಾರೆ, ಅವರ ಬೆರಳಿಗೆ ಸಿಗುವುದು ಬರಿಯ ಗಾಜು.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದದ್ದು ಇವರು ಹೋದ ಮೇಲೆ. ಸೊಂಟದ ಮೂಳೆ ಕೂಡಿಕೊಂಡಿದೆ, ನಡಿಗೆ ಕೂಡಿಲ್ಲ. ನಾಲ್ಕು ಕಾಲಿನ ಊರುಗೋಲು ಹಿಡಿದು ಬಚ್ಚಲವರೆಗೆ ಹೋಗಿಬರುತ್ತಾರೆ. ಅಲ್ಲಿ ಗಾಳಿ ಚೆನ್ನಾಗಿದೆ ಎಂದು ಮಂಚವನ್ನು ಕಿಟಕಿಗೆ ತಂದು ಹಾಕಿದವನು ಮೈದುನ. ಅವನ ಮನೆಯಲ್ಲಿ ಮೆಟ್ಟಿಲು ಹತ್ತದೆ ಇರಬಹುದಾದ ಒಂದು ಕೋಣೆ ಕಟ್ಟಿಸುತ್ತಿದ್ದಾನೆ. ಮುಂದಿನ ತಿಂಗಳ ಕೊನೆಗೆ ಬಂದು ತಾಯಿಯನ್ನು ಕರೆದುಕೊಂಡು ಹೋಗುತ್ತಾನೆ. ನಾನೇ ಕೇಳಿಕೊಂಡದ್ದು. ಫೋನಿನಲ್ಲಿ ಕೇಳಿಕೊಂಡಾಗ ಅತ್ತೆ ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಮಾಡುತ್ತಿರಲಿಲ್ಲ. ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಮಗ ಹೋದ ದಿನ ಆಕೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಂದವರಿಗೆ ಕುರ್ಚಿ ಹಾಕಿಸುತ್ತಿದ್ದರು. ಅದನ್ನು ನಾನು ಮರೆತಿಲ್ಲ.

ಜೂನ್ ೧೪, ಶನಿವಾರ

ಅಡುಗೆಮನೆಯ ಕಟ್ಟೆ, ಹಿತ್ತಿಲ ಮೆಟ್ಟಿಲು, ಹಜಾರದ ಟ್ಯೂಬ್‌ಲೈಟಿನ ಕೆಳಗೆ, ಎಲ್ಲ ಕಡೆ ಇಟ್ಟು ತೆಗೆದು ನೋಡಿದೆ. ಬಿಸಿಲಲ್ಲಿ ಇಟ್ಟರೆ ಗುಂಡಿ ಸುಟ್ಟಂತೆ ಬೆಳ್ಳಗಾಗುತ್ತದೆ, ಟ್ಯೂಬ್‌ಲೈಟಿನಲ್ಲಿ ಹೆಣದಂತೆ ಕಾಣುತ್ತದೆ. ಫೋನಿನ ಫ್ಲ್ಯಾಷ್ ಹಾಕಿದರೆ ಹಿಂದೆ ಕಪ್ಪು ನೆರಳು ಕೂರುತ್ತದೆ. ಮೇಲಾಗಿ ನನ್ನ ಕೈ ನಡುಗುತ್ತದೆ. ಫೋನು ಸರಿಯಿಲ್ಲ ಎಂದು ಗೊಣಗಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮಂಚದಿಂದ ಉತ್ತರ ಬಂತು. ಕಿವಿ ಮಾತ್ರ ಹದಿನೆಂಟರ ಹುಡುಗಿಯದು.

ಸಂಜೆ ದೀಪದಂಗಡಿಗೆ ಹೋಗಿ ಫೋಟೋ ತೆಗೆಯುವ ದೀಪ ಇದೆಯೇ ಎಂದು ಕೇಳಿದೆ. ಕೊಡೆಯಂತೆ ಬಿಚ್ಚುವ ದೀಪ, ಅದಕ್ಕೊಂದು ಕಾಲು, ಒಂದು ಚೀಲ, ಎಲ್ಲ ತೋರಿಸಿದ. ಬೆಲೆ ಕೇಳಿ ಮೂಗಿಗಿಂತ ಮೂಗುತಿ ಭಾರ ಅಂದುಕೊಂಡು ಇಳಿಯುತ್ತಿದ್ದೆ. ಅಂಗಡಿಯವನಿಗೆ ಕನಿಕರ ಹುಟ್ಟಿರಬೇಕು. ಸಣ್ಣ ಸಾಮಾನಿಗೆ ಇದೆಲ್ಲ ಯಾಕಮ್ಮ, ಒಂದು ರಟ್ಟಿನ ಪೆಟ್ಟಿಗೆ ತಗೊಂಡು ಎರಡು ಪಕ್ಕ ಕೊರೆದು ತೆಳು ಕಾಗದ ಅಂಟಿಸಿ, ಹೊರಗಿಂದ ಬಲ್ಬು ಹಿಡೀರಿ, ಅದೇ ಸ್ಟುಡಿಯೋ ಎಂದ. ಪೆಟ್ಟಿಗೆಯನ್ನೂ ಅವನೇ ಕೊಟ್ಟ. ಮಿಕ್ಸಿ ಬಂದಿದ್ದ ಪೆಟ್ಟಿಗೆ.

ಜೂನ್ ೧೯, ಗುರುವಾರ

ಪೆಟ್ಟಿಗೆಯ ಎರಡು ಪಕ್ಕಗಳಲ್ಲಿ ಚೌಕ ಕೊರೆದೆ. ಕಸೂತಿಯ ಚಿತ್ರ ಇಳಿಸಲು ಇಟ್ಟುಕೊಂಡಿದ್ದ ಟ್ರೇಸಿಂಗ್ ಕಾಗದ ಅಂಟಿಸಿದೆ. ಒಳಗೆ ಒಂದು ಬಿಳಿ ಡ್ರಾಯಿಂಗ್ ಹಾಳೆಯನ್ನು ಮೂಲೆ ಕಾಣದ ಹಾಗೆ ಬಗ್ಗಿಸಿ ಇಳಿಬಿಟ್ಟೆ. ಹಜಾರದಲ್ಲಿ, ಅತ್ತೆಯ ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟು, ಇವರ ಹೊಲಿಗೆ ಯಂತ್ರದ ಹಳೆಯ ದೀಪವನ್ನು ಹೊರಗಿಂದ ಒತ್ತಿ ನಿಲ್ಲಿಸಿದೆ. ತಂತಿ ಕಾಯುವ ಹಳೆಯ ಕಾಲದ ಬಲ್ಬು. ಒಳಗೆ ಬೆಳಕು ಹಾಲಿನಂತೆ ಹರಡಿತು. ಖುಷಿಯಾಯಿತು, ಅದನ್ನು ಯಾಕೆ ಮುಚ್ಚಿಡಲಿ. ಚಹಾಕ್ಕೆ ಹಾಲಿಟ್ಟು ಬರೋಣವೆಂದು ಒಳಗೆ ಹೋದೆ.

ವಾಸನೆ ಬಂದಾಗ ಹಾಲು ಉಕ್ಕಿತೆಂದುಕೊಂಡೆ. ಹಜಾರಕ್ಕೆ ಬರುವಷ್ಟರಲ್ಲಿ ಕಾಗದ ಕಂದಾಗಿ, ರಟ್ಟಿನ ಅಂಚಿನಲ್ಲಿ ಕೆಂಪು ಹರಿದಾಡುತ್ತಿತ್ತು. ನಾನು ಏನು ಮಾಡಿದೆನೆಂದು ಇಲ್ಲಿ ಬರೆಯಲೇಬೇಕು. ಗುಂಡಿಯ ಡಬ್ಬಿ ಬಾಚಿಕೊಂಡು ಬಾಗಿಲಿನಿಂದ ಹೊರಗೆ ಓಡಿದೆ. ಬೀದಿಯಲ್ಲಿ ನಿಂತ ಮೇಲೆ, ಒಳಗೆ ಓಡಲಾಗದವರೊಬ್ಬರು ಇದ್ದಾರೆಂದು ನೆನಪಾಯಿತು.

ತಿರುಗಿ ಬಂದಾಗ ಅತ್ತೆ ಮಂಚದ ಅಂಚಿಗೆ ಜರುಗಿ, ಕುಡಿಯುವ ನೀರಿನ ಹೂಜಿಯನ್ನು ಪೆಟ್ಟಿಗೆಯ ಮೇಲೆ ಬೋರಲು ಹಾಕಿದ್ದರು. ನನ್ನ ಎದೆಗವಚಿದ ಡಬ್ಬಿಯನ್ನು ಒಮ್ಮೆ ನೋಡಿದರು.

"ಗುಂಡಿ ಉಳಿದ್ವಾ?"

ಉಳಿದವು ಎಂದೆ. ಅವರು ಮಗ್ಗುಲು ತಿರುಗಿ ಮಲಗಿದರು.

ಜೂನ್ ೨೦, ಶುಕ್ರವಾರ

ಅತ್ತೆ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಜೂನ್ ೨೫, ಬುಧವಾರ

ಇನ್ನೊಂದು ಪೆಟ್ಟಿಗೆ ತಂದೆ. ಕಾಯದ ಎಲ್‌ಇಡಿ ಬಲ್ಬು ಎರಡು ಹಾಕಿದೆ, ಒಂದು ಅಡುಗೆಮನೆಯಿಂದ ಬಿಚ್ಚಿದ್ದು, ಒಂದು ಹೊಸದು. ಗುಂಡಿಯ ಎಡಗೆನ್ನೆ ನೀಲಿ, ಬಲಗೆನ್ನೆ ಅರಿಶಿನ. ಒಂದೇ ಗುಂಡಿಗೆ ಎರಡು ಬಣ್ಣ ಯಾಕೆ ಎಂದು ಒಡತಿ ಕೇಳಿದಳು. ಬಲ್ಬುಗಳಲ್ಲೂ ಬಿಳಿಗೆ ನೂರು ಬಗೆ ಇದೆಯೆಂದು ನನಗೇನು ಗೊತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಬಾಯಿಪಾಠ ಮಾಡಿದ್ದೆ, ಬಲ್ಬಿಗೂ ಅದು ಸಲ್ಲುತ್ತದೆಂದು ಯಾರೂ ಹೇಳಿರಲಿಲ್ಲ. ಎರಡೂ ಒಂದೇ ಕಂಪನಿಯ, ಒಂದೇ ಬಗೆಯ ಬಲ್ಬು ತಂದು ಹಾಕಿದೆ. ಮೇಲಿನ ಟ್ಯೂಬ್‌ಲೈಟಿನ ಬಣ್ಣವೂ ಬೆರೆಯಬಾರದೆಂದು ಅದನ್ನು ಆರಿಸಿದೆ, ಕಿಟಕಿಯ ಪರದೆ ಎಳೆದೆ. ಈಗ ಬಣ್ಣ ಒಂದಾಯಿತು.

ಮಧ್ಯಾಹ್ನ ಮೈದುನ ಫೋನ್ ಮಾಡಿದ. ನನ್ನನ್ನು ಹಗಲಲ್ಲೇ ಕತ್ತಲಲ್ಲಿ ಕೂರಿಸಿ ಗುಂಡಿಗೆ ದೀಪ ಹಚ್ಚುತ್ತಾಳೆ ಎಂದು ಅತ್ತೆ ಅವನಿಗೆ ಹೇಳಿದರು. ನನಗೆ ಕೇಳಲೆಂದೇ ಅಷ್ಟು ಗಟ್ಟಿಯಾಗಿ ಹೇಳಿದ್ದು. ಕೋಣೆಗೆ ನೆಲ ಹಾಕಿಸುತ್ತಿದ್ದಾನಂತೆ.

ಜುಲೈ ೨, ಬುಧವಾರ

ಒಡತಿಯ ಹೊಸ ದೂರು: ದಾರ ಎದ್ದು ಕಾಣುವುದಿಲ್ಲ, ಹೂವು ಅಚ್ಚು ಹಾಕಿದಂತಿದೆ. ಮುಟ್ಟಿದರೆ ಬೆರಳಿಗೆ ಸಿಗುವ ಎಳೆ ಫೋಟೋದಲ್ಲಿ ಎಲ್ಲಿಗೆ ಹೋಯಿತೆಂದು ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡೆ. ಒಂದು ಬಲ್ಬಿನ ತಂತಿ ಸಡಿಲಾಗಿ ಆರಿಹೋದಾಗ ಉತ್ತರ ಸಿಕ್ಕಿತು. ಎರಡೂ ಪಕ್ಕ ಸಮನಾದ ಬೆಳಕಿದ್ದರೆ ಉಬ್ಬು ತಗ್ಗು ಇಲ್ಲವಾಗುತ್ತದೆ. ಒಂದೇ ಬಲ್ಬು, ಅದೂ ಕೆಳಮಟ್ಟದಲ್ಲಿ ಪಕ್ಕದಿಂದ ಹಾಯಿಸಿದರೆ ಒಂದೊಂದು ಎಳೆಯೂ ತಲೆ ಎತ್ತುತ್ತದೆ. ಆದರೆ ಮತ್ತೊಂದು ಪಕ್ಕ ಪೂರ್ತಿ ಕತ್ತಲೆ.

ಪೆಟ್ಟಿಗೆಯ ಆ ಪಕ್ಕವನ್ನು ಕಿತ್ತು ಹಾಕಿ, ಒಂದು ಬಿಳಿ ರಟ್ಟನ್ನು ಎದುರಿಗೆ ಹಿಡಿದರೆ ಬೆಳಕು ತಿರುಗಿ ಬಿದ್ದು ಕತ್ತಲೆ ತಿಳಿಯಾಗುತ್ತದೆ. ಹಿಡಿಯುವವರು ಯಾರು? ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಗುಂಡಿ ಸರಿಪಡಿಸುವ ಸೂಜಿ. ರಟ್ಟನ್ನು ತಂಬಿಗೆಗೆ ಒರಗಿಸಿದೆ, ಬಿತ್ತು. ಹೂಜಿಗೆ ಒರಗಿಸಿದೆ, ಬಿತ್ತು. ಮೂರನೆಯ ಸಲ ಬಿದ್ದಾಗ ಅತ್ತೆ ಎದ್ದು ಕೂತರು.

"ತಾ ಇಲ್ಲಿ. ನೋಡಿ ನೋಡಿ ಸಾಕಾಯ್ತು."

ಮೇಜನ್ನು ಮಂಚಕ್ಕೆ ತಾಗಿಸಿದೆ. ಅತ್ತೆ ಅಂಚಿನಲ್ಲಿ ಕೂತು ರಟ್ಟು ಹಿಡಿದರು. ಸ್ವಲ್ಪ ಮೇಲೆ ಎಂದೆ, ಸ್ವಲ್ಪ ನನ್ನ ಕಡೆ ಎಂದೆ. ಇಷ್ಟು ವರ್ಷಗಳಲ್ಲಿ ನಾನು ಹೇಳಿದಂತೆ ಅತ್ತೆ ಕೇಳಿದ್ದು ಇದೇ ಮೊದಲು. ತೆಗೆದ ಮೇಲೆ ತೋರಿಸು ಎಂದರು. ಫೋನಿನಲ್ಲಿ ಗುಂಡಿ ಅಂಗೈಯಷ್ಟು ದೊಡ್ಡದಾಗಿ ಕಾಣುತ್ತದೆ. ಅತ್ತೆ ಬಹಳ ಹೊತ್ತು ನೋಡಿದರು, ಆಮೇಲೆ ಫೋನನ್ನು ಕಣ್ಣಿಗೆ ಹತ್ತಿರ ತಂದು ಮತ್ತೆ ನೋಡಿದರು. ಇಷ್ಟು ದಿನ ಬರೀ ಗುಂಡಿ ಅಂದ್ಕೊಂಡಿದ್ದೆ ಎಂದರು. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದವರಿಗೆ ನನ್ನ ಕೈಕೆಲಸ ಕಾಣಿಸಲು ಇಷ್ಟೆಲ್ಲ ಬೇಕಾಯಿತು.

ಜುಲೈ ೫, ಶನಿವಾರ

ಬೆಳಿಗ್ಗೆ ಪಾತ್ರೆ ತೊಳೆದು ಬರುವಷ್ಟರಲ್ಲಿ ಅತ್ತೆ ರಟ್ಟು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ತಡವಾಯಿತೆಂದು ಒಂದು ಮಾತು ಬೇರೆ.

ಕೆನೆಬಣ್ಣದ ಬಟ್ಟೆಯ ಗುಂಡಿಗಳನ್ನು ಮುಗಿಸಿದೆವು. ಫೋನನ್ನು ಪುಸ್ತಕಗಳ ಮೇಲೆ ನಿಲ್ಲಿಸಿ, ಒತ್ತಿ ಕೈ ತೆಗೆದ ಮೇಲೆ ತಾನೇ ಹೊಡೆದುಕೊಳ್ಳುವಂತೆ ಮಾಡಿದ್ದೇನೆ, ನಡುಕದ ರಗಳೆ ಇಲ್ಲ. ಅದು ಹೊಡೆದುಕೊಳ್ಳುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಕೂರಬೇಕು. ಹಾಗೆ ಕೂತಿದ್ದಾಗ ಅತ್ತೆಗೆ ಏನೋ ನೆನಪಾಗಿ ರಟ್ಟು ಅಲುಗಿತು. ಇವರು ಸಣ್ಣವರಿದ್ದಾಗ ಅಪ್ಪನ ಅಂಗಿಯ ಗುಂಡಿ ಕಚ್ಚಿ ನುಂಗಿದ್ದರಂತೆ. ವೈದ್ಯರು ಕಾಯಿರಿ, ಬಂದೇ ಬರುತ್ತದೆ ಎಂದರಂತೆ. ಅತ್ತೆ ಕೋಲು ಹಿಡಿದು ಹಿತ್ತಿಲಲ್ಲಿ ಕಾದದ್ದನ್ನು ಹೇಳಿದರು. ಬಂದ ಗುಂಡಿಯನ್ನು ತೊಳೆದು ಅದೇ ಅಂಗಿಗೆ ಹಚ್ಚಿದರಂತೆ. ಮಾವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲವಂತೆ.

ನಾನು ನಕ್ಕೆ. ಇವರು ಈ ಕಥೆಯನ್ನು ನನಗೆ ಹೇಳಿಯೇ ಇರಲಿಲ್ಲ. ಇವರ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿಗಳು ಇನ್ನೂ ಇವೆ, ಅವು ಅತ್ತೆಯ ಹತ್ತಿರ ಇವೆ. ಇದು ಹೊಳೆದಾಗ ನಗು ನಿಂತಿತು.

ಜುಲೈ ೯, ಬುಧವಾರ

ಮಾದರಿಗೆ ಕಳಿಸಿದ್ದ ಗುಂಡಿಗಳು ವಾಪಸು ಬಂದಿವೆ. ಫೋಟೋದಲ್ಲಿ ತಿಳಿಗುಲಾಬಿ ಇದೆ, ಪೊಟ್ಟಣ ಬಿಚ್ಚಿದರೆ ಕೆನೆ. ಒಡತಿ ಫೋಟೋ ನಂಬಿ ಗುಲಾಬಿ ಉಡುಪು ಕತ್ತರಿಸಿಬಿಟ್ಟಿದ್ದಾಳೆ. ಫೋನಿನಲ್ಲಿ ಅವಳು ಕೂಗಾಡಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಬಿಳಿಯ ಮೇಲೆ ಬಿಳಿ ಕಸೂತಿಯ ಗುಂಡಿಗಳು ದೊಡ್ಡ ಸಂಖ್ಯೆಯಲ್ಲಿ ಬೇಕಾಗಿವೆಯಂತೆ. ಬಣ್ಣ ಸುಳ್ಳು ಹೇಳದ ಫೋಟೋ ಕಳಿಸಿದರೆ ಕೆಲಸ ನಿಮ್ಮದು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದಳು.

ಬಲ್ಬು ಬದಲಿಸಿದೆ, ಕಾಗದ ಬದಲಿಸಿದೆ, ಫೋನಿನೊಳಗಿನ ಆಯ್ಕೆಗಳನ್ನೆಲ್ಲ ತಿರುವಿದೆ. ಆ ಗುಲಾಬಿ ಹೋಗಲಿಲ್ಲ. ಅತ್ತೆ ಬಚ್ಚಲಿಗೆ ಹೋದಾಗ ಸುಮ್ಮನೆ ಒಂದು ತೆಗೆದೆ. ಗುಂಡಿ ಕೆನೆಯಾಗಿತ್ತು. ಅತ್ತೆ ಬಂದು ಕೂತರು, ಗುಂಡಿಗೆ ಕೆಂಪೇರಿತು. ಅತ್ತೆಯ ಶಾಲು! ಇಡೀ ದಿನ ಹೊದ್ದಿರುವ ಆ ಕೆಂಪು ಉಣ್ಣೆ ಶಾಲಿನ ಬಣ್ಣ ಬೆಳಕಿನ ಜೊತೆ ಹೋಗಿ ಗುಂಡಿಯ ಮೇಲೆ ಕೂರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ನಾನು ಬಲ್ಬನ್ನು ಬೈದಿದ್ದೆ.

ಹೇಳಿದೆ. ಅತ್ತೆ ಶಾಲನ್ನು ನೋಡಿಕೊಂಡರು. ಹೊದೆಯದಿದ್ದರೆ ಸೊಂಟ ಸೆಳೆಯುತ್ತದೆಂದು ನನಗೂ ಗೊತ್ತು. ಬಿಳಿಯದಾದರೆ ಪರವಾಗಿಲ್ಲವೇ ಎಂದು ಕೇಳಿದರು. ಬಿಳಿಯದಾದರೆ ಇನ್ನೂ ಒಳ್ಳೆಯದು ಎಂದೆ. ಆ ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಜುಲೈ ೧೧, ಶುಕ್ರವಾರ

ದಾರ ತರಲು ಹೋಗಿದ್ದೆ. ಬಂದು ನೋಡಿದರೆ ಅತ್ತೆ ಇವರ ಬಿಳಿ ಅಂಗಿ ತೊಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಾರೆ.

ಊರಿಗೆಲ್ಲ ಹೊಲಿದವರು ತಮಗೆಂದು ಹೊಲಿದುಕೊಂಡದ್ದು ಅದೊಂದೇ. ಅದಕ್ಕೂ ಎರಡನೆಯ ಗುಂಡಿ ಹಚ್ಚಲು ಪುರಸೊತ್ತಾಗಿರಲಿಲ್ಲ. ಹೋಗುವ ಹಿಂದಿನ ದಿನ ತೊಟ್ಟಿದ್ದರು. ನಾನು ಅದನ್ನು ತೊಳೆದಿಲ್ಲ. ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿ, ಎಲ್ಲ ಬಟ್ಟೆಯ ಅಡಿಯಲ್ಲಿ ಇಟ್ಟಿದ್ದೆ. ಕೊರಳಪಟ್ಟಿಯಲ್ಲಿ ಇವರ ವಾಸನೆ ಇತ್ತು. ಇದೆಯೋ ಇಲ್ಲವೋ ಎಂದು ತೆಗೆದು ನೋಡಲೂ ಹೆದರಿ ಸುಮ್ಮನಿದ್ದೆ. ಅತ್ತೆ ಊರುಗೋಲು ಎಳೆದುಕೊಂಡು ನನ್ನ ಕೋಣೆಗೆ ಹೋಗಿ, ಬಗ್ಗಿ, ಹುಡುಕಿ ತೆಗೆದಿದ್ದಾರೆ.

ನಾನು ಕೂಗಿದೆ. ಏನೇನೋ ಅಂದೆ. ಮಗ ಹೋದ ದಿನ ಒಂದು ಹನಿ ಕಣ್ಣೀರು ಹಾಕದವರು, ಕುರ್ಚಿ ಎಣಿಸಿಕೊಂಡು ಕೂತವರು, ಅವರ ಅಂಗಿ ಮುಟ್ಟಲು ನಿಮಗೆ ಹೇಗೆ ಮನಸ್ಸು ಬಂತು ಎಂದೆ. ಎಂಟು ತಿಂಗಳಿನಿಂದ ಗಂಟಲಲ್ಲಿ ಇದ್ದದ್ದು ಇವತ್ತು ಹೊರಗೆ ಬಂತು.

ಅತ್ತೆ ನನ್ನನ್ನು ನೋಡಲಿಲ್ಲ.

"ನನ್ನ ಹತ್ರ ಬಿಳೀದು ಬೇರೆ ಯಾವುದೂ ಇರಲಿಲ್ಲ," ಎಂದರು. ಆಮೇಲೆ, "ನಾನು ಅಳೋಕೆ ಕೂತಿದ್ರೆ ಮತ್ತೆ ಏಳ್ತಿರಲಿಲ್ಲ ಕಣೇ. ಅದಕ್ಕೇ ಕೂರಲಿಲ್ಲ," ಎಂದರು.

ಅಂಗಿ ಕಳಚಲು ಹೊರಟರು. ಬೆರಳು ಗುಂಡಿಯನ್ನು ಹಿಡಿಯುತ್ತಿರಲಿಲ್ಲ, ಜಾರುತ್ತಿತ್ತು. ನಾನು ನಿಂತು ನೋಡಿದೆ. ನನಗೆ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಇನ್ನೇನೋ ಇತ್ತು. ಇರಲಿ ಬಿಡಿ ಎಂದು ಹೇಳಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಇವತ್ತು ಫೋಟೋ ಇಲ್ಲ.

ಜುಲೈ ೧೨, ಶನಿವಾರ

ಬಿಳಿಯ ಮೇಲೆ ಬಿಳಿಯನ್ನು ತೆಗೆದೆವು. ಅತ್ತೆ ಅಂಗಿಯಲ್ಲೇ ಇದ್ದರು. ರಾತ್ರಿಯೂ ಅದರಲ್ಲೇ ಮಲಗಿದ್ದರು, ನಾನು ಕೇಳಲಿಲ್ಲ.

ಬಲ್ಬು ಒಂದು ಪಕ್ಕ. ಇನ್ನೊಂದು ಪಕ್ಕ ಅತ್ತೆ ರಟ್ಟು ಹಿಡಿದು ಹತ್ತಿರ ಬಾಗಿದಾಗ, ರಟ್ಟಿನ ಮೇಲಿಂದ ಒಂದಿಷ್ಟು, ಅಂಗಿಯ ಎದೆಯ ಮೇಲಿಂದ ಒಂದಿಷ್ಟು ಬೆಳಕು ತಿರುಗಿ ಗುಂಡಿಯ ಮೇಲೆ ಬಿತ್ತು. ದಾರ ದಾರವಾಗಿ, ಬಟ್ಟೆ ಬಟ್ಟೆಯಾಗಿ, ಬಿಳಿ ಎರಡೂ ಬೇರೆ ಬೇರೆಯಾಗಿ ಕಂಡವು. ಒತ್ತಬೇಕಾದ ಕೈ ಒತ್ತಲಿಲ್ಲ. ಇವರು ಪಕ್ಕದಲ್ಲಿ ಬಂದು ಬಗ್ಗಿ ನೋಡುತ್ತಿದ್ದಾರೆ ಅನ್ನಿಸಿತು. ಅನ್ನಿಸಿದ್ದನ್ನು ಅನ್ನಿಸಿದಂತೆ ಬರೆದಿದ್ದೇನೆ, ಓದುವವರು ಯಾರೂ ಇಲ್ಲವಲ್ಲ.

ಅತ್ತೆ ಬೆಳಕು ಸಾಲಲಿಲ್ಲವೇನೋ ಎಂದು ಇನ್ನಷ್ಟು ಹತ್ತಿರ ಜರುಗಿದರು. ಸರಿ ಇದೆಯಾ ಎಂದು ಕೇಳಿದರು. ಸರಿ ಇದೆ ಅತ್ತೆ ಎಂದೆ.

ಜುಲೈ ೧೬, ಬುಧವಾರ

ಕೆಲಸ ನಮಗೇ ಸಿಕ್ಕಿತು. ಫೋಟೋ ಮತ್ತು ಗುಂಡಿಯನ್ನು ಪಕ್ಕಪಕ್ಕ ಇಟ್ಟು ನೋಡಿದೆ, ಈಗ ಎರಡೂ ಒಂದೇ ಮಾತು ಆಡುತ್ತಿವೆ ಎಂದು ಒಡತಿ ಹೇಳಿದಳು. ಇನ್ನು ಮೂರು ತಿಂಗಳು ಕತ್ತು ಎತ್ತುವಂತಿಲ್ಲ. ಓಡಿಹೋಗಿ ಅತ್ತೆಗೆ ಹೇಳಿದೆ. ಹಾಗಾದರೆ ಮೊದಲು ಊಟ ಮಾಡು, ಬೆಳಿಗ್ಗೆಯಿಂದ ಚಹಾದಲ್ಲೇ ಇದ್ದೀಯ ಎಂದರು. ನಾನು ತಿಂದದ್ದು ಬಿಟ್ಟದ್ದು ಅವರ ಗಮನದಲ್ಲಿದೆ ಎಂಬುದು ನನ್ನ ಗಮನದಲ್ಲಿರಲಿಲ್ಲ.

ಊಟಕ್ಕೆ ಕೂತಾಗ ಮೈದುನನ ಫೋನು. ಕೋಣೆಗೆ ಬಣ್ಣ ಬಳಿದಾಗಿದೆ, ಇಪ್ಪತ್ತೇಳರ ಭಾನುವಾರ ಬರುತ್ತೇನೆ ಎಂದ. ಅತ್ತೆಗೆ ತಿಳಿಸಿದೆ. ಆಗಲಿ ಎಂದರು. ನಿನಗೂ ಕಿಟಕಿ ಸಿಗುತ್ತದೆ ಎಂದರು. ಹೌದು, ನಿಮಗೂ ಅಲ್ಲಿ ಮೊಮ್ಮಕ್ಕಳು ಇರುತ್ತಾರೆ ಎಂದೆ. ಇಬ್ಬರದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಆಮೇಲೆ ತಟ್ಟೆಯ ಅನ್ನವನ್ನು ಹಾಗೇ ಮುಚ್ಚಿಟ್ಟೆ. ನಾನೇ ಕೇಳಿಕೊಂಡದ್ದು ಸಿಗುತ್ತಿದೆ, ಹೀಗೇಕೆ ಎಂದು ತಿಳಿಯದು. ದಣಿವಿರಬೇಕು.

ಜುಲೈ ೨೨, ಮಂಗಳವಾರ

ಇಡೀ ದಿನ ಮೋಡ. ಕಿಟಕಿ ಇದ್ದಿದ್ದರೂ ಪ್ರಯೋಜನವಿರಲಿಲ್ಲ. ನಮಗೆ ನಮ್ಮ ಪೆಟ್ಟಿಗೆ ಇದೆ.

ಅಂಗಿಗೆ ಎರಡನೆಯ ಗುಂಡಿ ಹಚ್ಚಿಕೊಡಲೇ ಎಂದು ಅತ್ತೆಯನ್ನು ಕೇಳಿದೆ. ಬೇಡ, ಅವನಿಗೆ ನೆನಪಾದಾಗ ಹಚ್ಚಿಕೊಳ್ಳಲಿ ಎಂದರು. ಇರುವವನ ಬಗ್ಗೆ ಹೇಳಿದಂತಾಯಿತೆಂದು ಹೇಳಿದ ಮೇಲೆ ಇಬ್ಬರಿಗೂ ಗೊತ್ತಾಯಿತು. ಯಾರೂ ತಿದ್ದಲಿಲ್ಲ.

ಜುಲೈ ೨೭, ಭಾನುವಾರ

ಮೈದುನ ಬಾಡಿಗೆಯ ವ್ಯಾನಿನಲ್ಲಿ ಬಂದ. ಸೀಟಿನ ಮೇಲೆ ದಿಂಬು ಹಾಕಿ, ಮೆಟ್ಟಿಲಿಗೆ ಹಲಗೆ ತಂದಿದ್ದ. ಒಳ್ಳೆಯ ಹುಡುಗ, ಅವನಲ್ಲಿ ಕುಂದು ಹುಡುಕಲು ಬೆಳಿಗ್ಗೆಯಿಂದ ನೋಡಿದೆ, ಸಿಗಲಿಲ್ಲ. ಅತ್ತೆ ಆಗಲೇ ಕೆಂಪು ಶಾಲು ಹೊದ್ದು, ಮಡಿಸಿದ ಅಂಗಿಯನ್ನು ನನ್ನ ಕೈಗೆ ಕೊಟ್ಟು ಸಿದ್ಧರಾಗಿ ಕೂತಿದ್ದರು. ಬ್ಯಾಗು ತುಂಬಿಸುವ ಕೆಲಸ ನನ್ನದಾಯಿತು. ಮಾತ್ರೆಗಳನ್ನೂ ಸೊಂಟಕ್ಕೆ ಹಚ್ಚುವ ಎಣ್ಣೆಯನ್ನೂ ಬೇರೆ ಚೀಲಕ್ಕೆ ಹಾಕಿ ಮೈದುನನ ಕೈಗೆ ಕೊಟ್ಟೆ, ಬ್ಯಾಗಿಗೆ ಬಟ್ಟೆಬರೆ. ಎಲ್ಲಕ್ಕಿಂತ ಅಡಿಯಲ್ಲಿ ಆ ಬಿಳಿ ಅಂಗಿಯನ್ನು ಇಟ್ಟೆ. ಅತ್ತೆಗೆ ಹೇಳಲಿಲ್ಲ. ಕಪಾಟಿನಲ್ಲಿ ಇದ್ದರೂ ನಾನು ತೆಗೆದು ನೋಡುವವಳಲ್ಲ, ಅಲ್ಲಿ ಚಳಿಗೆ ಬೇಕಾದೀತು.

"ಅತ್ತಿಗೆ, ನಿಮಗೂ ಸ್ವಲ್ಪ ಆರಾಮಾಗುತ್ತೆ ಬಿಡಿ," ಎಂದ ಮೈದುನ.

ಹೂಂ ಎಂದೆ. ಬೇರೆ ಏನೋ ಹೇಳಬೇಕೆಂದು ಬೆಳಿಗ್ಗೆ ಎದ್ದಿದ್ದೆ. ಅತ್ತೆಗೆ ಮಗನ ಮನೆಗೆ ಹೋಗುವ ಆಸೆ ಇದ್ದರೆ ಅಡ್ಡ ಬರಲು ನಾನು ಯಾರು? ಹೆತ್ತ ಮಗ ಕಣ್ಣೆದುರಿಗೆ ಇರುವಾಗ, ಹೋದ ಮಗನ ಹೆಂಡತಿ ಯಾವ ಲೆಕ್ಕ? ಅತ್ತೆ ಹೊಸ್ತಿಲಲ್ಲಿ ಊರುಗೋಲು ನಿಲ್ಲಿಸಿ, ಬಲ್ಬು ಆರಿಸಿಯೇ ಒಳಗೆ ಹೋಗು, ಮರೆಯಬೇಡ ಎಂದರು. ಅಷ್ಟೇ ಹೇಳಿದರು. ನಾನು ವ್ಯಾನು ತಿರುಗುವವರೆಗೆ ನಿಂತಿದ್ದೆ.

ಜುಲೈ ೨೮, ಸೋಮವಾರ

ಮಂಚವನ್ನು ಒಳಗೆ ಹಾಕಿ ಮೇಜನ್ನು ಕಿಟಕಿಗೆ ತಂದೆ. ಬೆಳಕು ಬಹಳ ಚೆನ್ನಾಗಿದೆ. ರಟ್ಟನ್ನು ಸ್ಟೂಲಿಗೆ ಒರಗಿಸಿ ಹಿಂದೆ ಇಸ್ತ್ರಿಪೆಟ್ಟಿಗೆ ಇಟ್ಟೆ, ಬೀಳಲಿಲ್ಲ. ಫೋಟೋಗಳು ಸರಿಯಾಗಿ ಬಂದವು. ಯಾವ ತೊಂದರೆಯೂ ಇಲ್ಲ.

ಜುಲೈ ೩೦, ಬುಧವಾರ

ಅಂಗಿಯ ಬಗ್ಗೆ ಅತ್ತೆಯಿಂದ ಒಂದು ಮಾತಿಲ್ಲ. ಕೊಟ್ಟದ್ದನ್ನು ಆಡಿಕೊಳ್ಳಬಾರದು, ಸರಿ. ಆದರೂ ಎಂಥ ಕಲ್ಲು ಮನಸ್ಸು. ನನ್ನ ಹತ್ತಿರ ಇದ್ದದ್ದು ಅದೊಂದೇ ಎಂದು ಗೊತ್ತಿದ್ದೂ ಸುಮ್ಮನೆ ಇದ್ದಾರೆ. ಮೊಮ್ಮಕ್ಕಳ ಗದ್ದಲದಲ್ಲಿ ಮರೆತಿರಬೇಕು.

ಗುಂಡಿಗೆ ಕೊನೆಯ ಎಳೆ ಹಾಕಿ, ಫೋನು ತಾನೇ ಹೊಡೆದುಕೊಳ್ಳುವಂತೆ ಒತ್ತಿ, ಉಸಿರು ಬಿಗಿಹಿಡಿದು ಕೂತೆ. ಕಿಟಕಿಯ ಹತ್ತಿರ ನನ್ನೊಬ್ಬಳ ಉಸಿರು. ಇಡೀ ದಿನದಲ್ಲಿ ಆಡಿದ ಮಾತೆಂದರೆ ಒಡತಿಗೆ ಹೇಳಿದ ಆಯಿತು ಎಂಬುದೊಂದೇ. ಬೈಯಲು ಸಹ ಯಾರೂ ಇಲ್ಲ.

ಜುಲೈ ೩೧, ಗುರುವಾರ

ತಾಳಲಾಗಲಿಲ್ಲ, ಮಧ್ಯಾಹ್ನ ನಾನೇ ಫೋನ್ ಮಾಡಿದೆ. ಎತ್ತಿದವಳು ಓರಗಿತ್ತಿ, ಮೈದುನನ ಹೆಂಡತಿ. ಅತ್ತೆ ಕಿಟಕಿಯ ಹತ್ತಿರ ಕೂತಿದ್ದಾರೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ, ಬಂದ ದಿನದಿಂದ ನನ್ನ ಬಟ್ಟೆಯನ್ನೇ ತೊಡುತ್ತಿದ್ದಾರೆ, ಅವರದು ಬ್ಯಾಗಿನಲ್ಲಿ ಇದ್ದರೂ ಬೇಡ ಎನ್ನುತ್ತಾರೆ, ನನ್ನಿಂದ ಏನಾದರೂ ತಪ್ಪಾಯಿತೇ ಎಂದು ಹೆದರಿ ಕೇಳಿದಳು. ನಿನ್ನಿಂದ ಏನೂ ಆಗಿಲ್ಲ, ಫೋನು ಅವರಿಗೆ ಕೊಡು ಎಂದೆ.

ಹೇಗಿದ್ದೀರಿ ಎಂದೆ, ಇದ್ದೀನಿ ಎಂದರು. ಸೊಂಟ ಹೇಗಿದೆ ಎಂದೆ, ಇದೆ ಎಂದರು. ಗುಂಡಿ ಎಷ್ಟಾಯಿತು ಎಂದು ಅವರು ಕೇಳಿದರು, ನಡೀತಿದೆ ಎಂದೆ. ಆಮೇಲೆ ಬಾಯಿಬಿಟ್ಟು ಕೇಳಿಯೇಬಿಟ್ಟೆ, ಅಂಗಿ ನೋಡಿದಿರಾ ಎಂದು.

ಯಾವ ಅಂಗಿ ಎಂದರು.

ಅವರದು, ಬಿಳಿಯದು, ನಿಮ್ಮ ಬ್ಯಾಗಿನ ಅಡಿಯಲ್ಲಿ ಇಟ್ಟಿದ್ದೆ ಎಂದೆ. ಫೋನಿನಲ್ಲಿ ಸದ್ದಿಲ್ಲ. ಕಡಿದುಹೋಯಿತೆಂದು ಎರಡು ಸಲ ಅತ್ತೆ, ಅತ್ತೆ ಎಂದು ಕರೆದೆ. ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ಅಳುತ್ತಿದ್ದರು. ಆಕೆ ಅಳುವುದನ್ನು ನಾನು ಮೊದಲ ಸಲ ಕೇಳಿದ್ದು, ನನಗೂ ತಡೆಯಲಾಗಲಿಲ್ಲ. ಅತ್ತೆ, ಇಲ್ಲಿ ನನಗೆ ಅವರ ವಿಷಯ ಮಾತಾಡಲು ಯಾರೂ ಇಲ್ಲ ಎಂದೆ. ಇಷ್ಟು ದಿನ ಹೇಳಬೇಕಾಗಿದ್ದದ್ದು ಅಷ್ಟೇ ಎಂದು ಹೇಳಿದ ಮೇಲೆ ತಿಳಿಯಿತು.

"ಬ್ಯಾಗು ಬಿಚ್ಚೇ ಇಲ್ಲ ಕಣೇ," ಎಂದರು ಅತ್ತೆ. "ಬಿಚ್ಚಿದ್ರೆ ಇಲ್ಲೇ ಇರಬೇಕಾಗುತ್ತಲ್ಲ."

ಬ್ಯಾಗು ಹಾಗೇ ಇರಲಿ, ನಾಳೆ ಬೆಳಿಗ್ಗೆ ಕರ್ಕೊಂಡು ಹೋಗೋಕೆ ಬರ್ತೀನಿ ಎಂದೆ.